ಹೆಸರು ಒಬ್ಬರದ್ದು, ಮಷೀನ್ ಇನ್ನೊಬ್ಬರದ್ದು

ಹಳೇ ವಾಷಿಂಗ್ ಮಷೀನ್ ತಂದು, ಬಿಚ್ಚಿ, ಮತ್ತೆ ಓಡಿಸುವುದು ನನ್ನ ಹವ್ಯಾಸ. ನಾನಿರುವುದು ಅಮೆರಿಕದ ಅಯೋವಾದಲ್ಲಿ. ಇಲ್ಲಿ ಹಳ್ಳಿ ಮನೆಗಳ ನೆಲಮಾಳಿಗೆಯಲ್ಲಿ ಇಂಥವು ಈಗಲೂ ಸಿಗುತ್ತವೆ. ಮಷೀನ್ ಕೈಗೆ ಬಂದ ಕೂಡಲೇ ಮುಂದುಗಡೆ ಹೊಳೆಯುವ ಹೆಸರನ್ನು ನಾನು ನೋಡುವುದೇ ಇಲ್ಲ. ಮಾಡೆಲ್ ನಂಬರ್ ಇರುವ ತಗಡಿನ ಪಟ್ಟಿ ಎಲ್ಲಿದೆ ಅಂತ ಹುಡುಕುತ್ತೇನೆ. ತಯಾರಿಸಿದವರು ಯಾರು ಅಂತ ಗೊತ್ತಾಗದಿದ್ದರೆ ಬಿಡಿಭಾಗ ಸಿಗುವುದಿಲ್ಲ.

ಕೆನ್‌ಮೋರ್ ನೋಡಿ. ಅದು ಸಿಯರ್ಸ್ ಅಂಗಡಿ ಇಟ್ಟ ಹೆಸರು, ಅಷ್ಟೇ. ನಂಬರ್ 110ರಿಂದ ಶುರುವಾದರೆ ಒಳಗಿರುವುದು ವರ್ಲ್‌ಪೂಲ್. ಈ ಕಂಪನಿ 1911ರಲ್ಲಿ ಮಿಷಿಗನ್‌ನಲ್ಲಿ ಅಪ್ಟನ್ ಮಷೀನ್ ಕಂಪನಿ ಅಂತ ಹುಟ್ಟಿತು. 1916ರಿಂದಲೇ ಸಿಯರ್ಸ್‌ಗೆ ಮಷೀನ್ ಮಾಡಿಕೊಡುತ್ತಿತ್ತು. ಹಾಗಾಗಿ ಗುಂಡಿ, ಬಣ್ಣ ಬೇರೆಯಾದರೂ ಗೇರ್‌ಬಾಕ್ಸ್ ಒಂದೇ ಬಳಗದ್ದು.

ಬೆಲ್ಟ್ ಇರುವ ಈ ಹಳೇ ಮಷೀನ್‌ಗಳಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ವಿಗ್‌ವ್ಯಾಗ್. ಒಂದು ತೋಳಿನ ಮೇಲೆ ಎರಡು ಸೊಲೆನಾಯ್ಡ್, ಅಂದರೆ ಕರೆಂಟ್ ಹರಿದಾಗ ಸೆಳೆಯುವ ವಿದ್ಯುತ್ಕಾಂತ. ಮಷೀನ್ ಓಡುವಷ್ಟು ಹೊತ್ತೂ ತೋಳು ಅತ್ತಿತ್ತ ತೂಗುತ್ತಿರುತ್ತದೆ. ಒಂದಕ್ಕೆ ಕರೆಂಟ್ ಹೋದರೆ ಬಟ್ಟೆ ಕುಲುಕುತ್ತದೆ, ಇನ್ನೊಂದಕ್ಕೆ ಹೋದರೆ ಡ್ರಮ್ ತಿರುಗುತ್ತದೆ. ಎಷ್ಟು ಸರಳ ಅಲ್ವಾ! ಆದರೆ ವರ್ಷಗಟ್ಟಲೆ ಬಾಗಿ ಬಾಗಿ ವೈರ್ ಒಳಗೇ ತುಂಡಾಗಿರಬಹುದು, ಹೊರಗಿನ ಹೊದಿಕೆ ಮಾತ್ರ ಚೆನ್ನಾಗಿರುತ್ತದೆ. ನಾನು ಮೊದಲು ಪ್ಲಗ್ ಕಿತ್ತು, ಕರೆಂಟ್ ದಾರಿ ಸರಿ ಇದೆಯಾ ಅಂತ ತೋರಿಸುವ ಮಲ್ಟಿಮೀಟರ್ ಹಿಡಿದು, ವೈರನ್ನು ಬೆರಳಿನಿಂದ ಮೆಲ್ಲಗೆ ಬಗ್ಗಿಸುತ್ತಾ ನೋಡುತ್ತೇನೆ. ಸುಮ್ನೆ ತುದಿಗಳಿಗೆ ಮೀಟರ್ ಇಟ್ಟರೆ ಒಮ್ಮೊಮ್ಮೆ ಎಲ್ಲ ಸರಿ ಅಂತಲೇ ತೋರಿಸುತ್ತದೆ.

ಫ್ರಿಜಿಡೇರ್ ಆದರೆ ಇಸವಿ ನೋಡಬೇಕು. 1979ರವರೆಗೆ ಅದು ಜನರಲ್ ಮೋಟರ್ಸ್ ಕೈಯಲ್ಲಿತ್ತು. ಆಗಿನವುಗಳಲ್ಲಿ ತೊಟ್ಟಿಯ ನಡುವೆ ಬಟ್ಟೆ ಕುಲುಕುವ ದಿಂಡು ಮೇಲಕ್ಕೂ ಕೆಳಕ್ಕೂ ಕುಣಿಯುತ್ತದೆ. ಆಮೇಲೆ ವೈಟ್ ಕನ್ಸಾಲಿಡೇಟೆಡ್ ಎಂಬ ಕಂಪನಿ ಅದನ್ನು ಕೊಂಡುಕೊಂಡಿತು, ಮಷೀನ್ ಪೂರ್ತಿ ಬದಲಾಯಿತು. ಇದರ ಭಾಗ ಅದಕ್ಕೆ ಕೂರುವುದಿಲ್ಲ.

ನನ್ನ ಮನಸ್ಸು ಜಾಸ್ತಿ ಎಳೆಯುವುದು ಮೇಟ್ಯಾಗ್ ಕಡೆಗೆ. ಅದು ಇಲ್ಲಿನದೇ, ನ್ಯೂಟನ್ ಊರಿನದು. 1893ರಲ್ಲಿ ಒಕ್ಕಣೆ ಯಂತ್ರಕ್ಕೆ ಬೇಕಾದ ಸಾಮಾನು ಮಾಡುತ್ತಾ ಶುರುವಾಗಿ, 1907ರಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೆ ಬಂತು. 1922ರ ಜೈರಾಫೋಮ್ ಎಂಬ ಮಾದರಿಯಲ್ಲಿ ಕುಲುಕುವ ಭಾಗವನ್ನು ಮುಚ್ಚಳದಿಂದ ಇಳಿಸಿ ತೊಟ್ಟಿಯ ತಳದಲ್ಲಿ ಕೂರಿಸಿದರು. ಇವತ್ತಿನ ಟಾಪ್ ಲೋಡ್‌ಗೂ ಅದೇ ದಾರಿ. ರೈತರ ಮನೆಗಳಿಗೆ ಕರೆಂಟ್ ಇರಲಿಲ್ಲವಲ್ಲ, ಅವರಿಗಾಗಿ ಕಾಲಿನಿಂದ ಒದ್ದು ಸ್ಟಾರ್ಟ್ ಮಾಡುವ ಸಣ್ಣ ಪೆಟ್ರೋಲ್ ಎಂಜಿನ್ ಕೊಟ್ಟರು. ರೋಲರ್‌ನಲ್ಲಿ ಬಟ್ಟೆ ಹಿಂಡುವ ಮಾದರಿಯನ್ನು 1983ರವರೆಗೂ ಮಾಡಿದರು. 2006ರಲ್ಲಿ ವರ್ಲ್‌ಪೂಲ್‌ನವರು ಮೇಟ್ಯಾಗ್ ಕಂಪನಿಯನ್ನೇ ಕೊಂಡರು. ಮರುವರ್ಷ ನ್ಯೂಟನ್ ಕಾರ್ಖಾನೆ ಮುಚ್ಚಿತು. ಇದು ನನಗೆ ಈಗಲೂ ಬೇಜಾರಿನ ವಿಷಯ.

ರೋಲರ್ ಇರುವ ಮೇಟ್ಯಾಗ್ ನಿಮಗೆ ಸಿಕ್ಕರೆ, ಪ್ಲಗ್ ಹಾಕುವ ಮೊದಲೇ ರೋಲರ್ ಬಿಡಿಸುವ ಹಿಡಿಯನ್ನು ಒತ್ತಿ ನೋಡಿ. ತಟ್ಟನೆ ಸಡಿಲವಾಗಬೇಕು. ಅದು ಬಿಗಿದುಕೊಂಡಿದ್ದರೆ ಮೊದಲು ಅದನ್ನೇ ಬಿಚ್ಚಿ ಸ್ವಚ್ಛ ಮಾಡಿ. ಬಟ್ಟೆಯ ಜೊತೆ ಬೆರಳು ಒಳಗೆ ಹೋದರೆ ಕೈ ಉಳಿಸುವುದು ಆ ಹಿಡಿಯೇ.