ರಾಗಿ ಸರಿ, ಪರಾತ, ಎರಡು ಲೋಟ: ಕೂಸಿನ ಆಟಕ್ಕೆ ಇಷ್ಟು ಸಾಕು

ಕೂಸು ಎದ್ದು ಕೂರುವವರೆಗೂ ಆಟಕ್ಕೆ ಕಾಯಬೇಕಾಗಿಲ್ಲ. ಮೊದಮೊದಲು ಅದಕ್ಕೆ ಸರಿಯಾಗಿ ಕಾಣುವುದು ಒಂದು ಗೇಣಿನಷ್ಟು ದೂರ ಮಾತ್ರ. ಕಪ್ಪು-ಬಿಳಿ ಚೌಕಳಿ ಟವೆಲನ್ನು ಅಷ್ಟು ಹತ್ತಿರ ಹಿಡಿದು ಮೆಲ್ಲಗೆ ಆಚೀಚೆ ಸರಿಸಿ, ಕಣ್ಣು ಹಿಂದೆಯೇ ಬರುತ್ತದೆ. ಸ್ನಾನ ಆದ ಮೇಲೆ ಅಂಗಾಲಿಗೆ ಒಮ್ಮೆ ಹತ್ತಿ ಬಟ್ಟೆ, ಒಮ್ಮೆ ರೇಷ್ಮೆ ಸೆರಗು ಸವರಿ.

ನಿಜವಾದ ಮಜಾ ಆರು ತಿಂಗಳ ಮೇಲೆ. ಮೊಮ್ಮಗ ರಾಗಿ ಸರಿ ತಿನ್ನಲು ಶುರುಮಾಡಿದ ಮೇಲೆ ನಾನು ಅದನ್ನೇ ಆಟಕ್ಕೂ ಇಟ್ಟೆ. ಸರಿಯನ್ನು ಗಟ್ಟಿಯಾಗಿ ಬೇಯಿಸಿ, ಪೂರ್ತಿ ಆರಿಸಿ. ನೆಲಕ್ಕೆ ಹಳೆ ಬೆಡ್‌ಶೀಟ್ ಹಾಸಿ, ಮಗುವಿಗೆ ಚಡ್ಡಿ ಮಾತ್ರ ಇರಲಿ. ಸ್ಟೀಲ್ ತಟ್ಟೆಗೆ ಎರಡು ಸೌಟು ಸುರಿಯಿರಿ. ಕೈ ಹಿಡಿದು ಅದ್ದಿಸಬೇಡಿ. ನಮ್ಮವನು ಮೊದಲು ಒಂದೇ ಬೆರಳು ಊರಿದ, ಆ ಬೆರಳನ್ನೇ ದಿಟ್ಟಿಸಿದ, ನನ್ನ ಮುಖ ನೋಡಿದ. ಆಮೇಲೆ ಪಟಪಟ ಅಂತ ಎರಡೂ ಅಂಗೈ. ಗೋಡೆಗೂ ಬಿತ್ತು ಬಿಡಿ. ಬಾಯಿಗೆ ಹೋದರೂ ಚಿಂತೆಯಿಲ್ಲ, ಬೆಂದಿದ್ದಲ್ವಾ? ಹಸಿ ಮೈದಾ, ಗೋಧಿ ಹಿಟ್ಟು ಮಾತ್ರ ಕೊಡಬೇಡಿ. ಬೇಯದ ಹಿಟ್ಟಲ್ಲಿ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು. ಮುಖ ತಿರುಗಿಸಿದರೆ, ಬೆನ್ನು ಸೆಟೆಸಿದರೆ ಸಾಕಾಯಿತು ಅಂತ ಅರ್ಥ, ಎತ್ತಿಕೊಳ್ಳಿ.

ವರ್ಷ ದಾಟಿದವರಿಗೆ ನೀರು. ಪರಾತದಲ್ಲಿ ಎರಡು ಬೆರಳಷ್ಟು ನೀರು, ಎರಡು ಲೋಟ, ಒಂದು ಟೀ ಸೋಸುವ ಜಾಲರಿ. ಲೋಟದಿಂದ ಲೋಟಕ್ಕೆ ಸುರಿಯುವುದೇ ಆಟ. ಫೋನ್ ಬಂದರೆ ಮಗುವನ್ನು ಎತ್ತಿಕೊಂಡೇ ಹೋಗಿ, ಇಷ್ಟೇ ಇಷ್ಟು ನೀರಲ್ಲೂ ಅನಾಹುತ ಆಗುತ್ತದೆ. ಆಟ ಮುಗಿದ ಕೂಡಲೇ ನೀರನ್ನು ಗಿಡಕ್ಕೆ ಹಾಕಿಬಿಡಿ.

ಕಾಳಿನ ವಿಷಯದಲ್ಲಿ ಮಾತ್ರ ನಾನು ಜಗಮೊಂಡಿ. ಬಣ್ಣದ ಅಕ್ಕಿ, ರಾಜ್ಮಾ ತುಂಬಿದ ಟಬ್ಬು ವಿಡಿಯೋದಲ್ಲಿ ಚೆಂದ ಕಾಣುತ್ತದೆ. ಮೂರು ವರ್ಷದೊಳಗೆ ಬೇಡವೇ ಬೇಡ. ಗಂಟಲಿಗೆ ಸಿಕ್ಕುತ್ತದೆ, ಮೂಗಿಗೆ ಹೋದರೆ ಅಲ್ಲೇ ನೆನೆದು ಉಬ್ಬುತ್ತದೆ. ನೀರಲ್ಲಿ ದಪ್ಪಗಾಗುವ ಬಣ್ಣದ ಮಣಿಗಳನ್ನಂತೂ ಮನೆಗೇ ತರಬೇಡಿ. ನುಂಗಿದರೆ ಕರುಳಲ್ಲಿ ಊದಿಕೊಂಡು ಅಡ್ಡ ಕೂರುತ್ತವೆ. ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆ ಇಟ್ಟುಕೊಳ್ಳಿ, ಅದರಲ್ಲಿ ತೂರುವ ಯಾವ ವಸ್ತುವೂ ಮಗುವಿನ ಕೈಗೆ ಬೇಡ.

ಕಾಳಿನ ಸದ್ದು ಬೇಕು ಅಂದರೆ ಗಟ್ಟಿ ಡಬ್ಬಿಗೆ ಒಂದು ಹಿಡಿ ಅವರೆಕಾಳು ಹಾಕಿ, ಮುಚ್ಚಳಕ್ಕೆ ಗಮ್ ಹಚ್ಚಿ ಬಿಗಿ ಮಾಡಿ. ಚನ್ನಪಟ್ಟಣದ ಗಿಲಕಿ ಇದ್ದರೆ ಆ ಕೆಲಸವೂ ಇಲ್ಲ. ಎಲ್ಲಾದರೂ ಸೀಳಿದೆಯಾ ಅಂತ ಒಮ್ಮೆ ಬೆರಳಾಡಿಸಿ ನೋಡಿ ಕೊಡಿ.