ಅಪ್‌ಗ್ರೇಡ್ ಆದಮೇಲೆ ಸರ್ವೀಸ್ ಡಿಸೇಬಲ್ ಆಗ್ತಿದೆಯಾ? ಹಳೇ ಪ್ಯಾಕೇಜನ್ನು ಹಿಡಿಯಿರಿ

ಲಿನಕ್ಸ್‌ನಲ್ಲಿ ಪ್ಯಾಕೇಜ್ ಅಪ್‌ಗ್ರೇಡ್ ಮಾಡಿದಾಗ ಕೆಲವೊಮ್ಮೆ ಅದರ ಸರ್ವೀಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಡಿಸೇಬಲ್ ಆಗಿಬಿಡುತ್ತದೆ, ಅಂದರೆ ಬೂಟ್ ಆದಾಗ ತಾನಾಗಿ ಶುರುವಾಗುವುದಿಲ್ಲ. ಅಪ್‌ಗ್ರೇಡ್ ಮಾಡಿದ ದಿನ ಏನೂ ಗೊತ್ತಾಗುವುದಿಲ್ಲ. ಸರ್ವೀಸ್ ಓಡುತ್ತಲೇ ಇರುತ್ತದೆ. ಎಷ್ಟೋ ದಿನ ಬಿಟ್ಟು ಸರ್ವರ್ ರೀಬೂಟ್ ಮಾಡಿದಾಗ ಅದು ಏಳುವುದೇ ಇಲ್ಲ, ಆಗ ಅಪ್‌ಗ್ರೇಡ್ ನೆನಪು ಯಾರಿಗಿರುತ್ತದೆ ಹೇಳಿ?

ಮೊದಲು ಪತ್ತೆ ಹಚ್ಚಿ. ಅಪ್‌ಗ್ರೇಡ್‌ಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ‘ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್’ ಜೊತೆ ಸರ್ವೀಸಿನ ಹೆಸರು ಕೊಟ್ಟು ನೋಡಿ. ಉತ್ತರ ಬದಲಾಗಿದ್ದರೆ, ಆರ್‌ಪಿಎಂ (ಫೆಡೋರಾ ತರಹದ ಲಿನಕ್ಸ್‌ಗಳ ಪ್ಯಾಕೇಜ್ ವ್ಯವಸ್ಥೆ) ಇರುವಲ್ಲಿ ‘ಆರ್‌ಪಿಎಂ -ಕ್ಯೂ --ಸ್ಕ್ರಿಪ್ಟ್ಸ್’ ಜೊತೆ ಪ್ಯಾಕೇಜಿನ ಹೆಸರು ಕೊಡಿ. ಪ್ರಿಅನ್ (ಪ್ಯಾಕೇಜ್ ತೆಗೆಯುವ ಮುಂಚೆ ಓಡುವ ಸ್ಕ್ರಿಪ್ಟ್) ಭಾಗದಲ್ಲಿ ಹಿಂದೆಮುಂದೆ ಯಾವ ಇಫ್ ಷರತ್ತು ಕೂಡ ಇಲ್ಲದೆ ಡಿಸೇಬಲ್ ಸಾಲು ಕೂತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಆದರೆ ಇದನ್ನು ಹಳೇ ಆವೃತ್ತಿ ಇನ್ನೂ ಇರುವ ಮೆಷಿನ್‌ನಲ್ಲಿ ನೋಡಿ, ಅಪ್‌ಗ್ರೇಡ್ ಆದಮೇಲೆ ಕಾಣುವುದು ಹೊಸದರ ಸ್ಕ್ರಿಪ್ಟ್.

ಆರ್‌ಪಿಎಂ ಲೆಕ್ಕದಲ್ಲಿ ಅಪ್‌ಗ್ರೇಡ್ ಅಂದರೆ ಹೊಸದನ್ನು ಹಾಕಿ, ಆಮೇಲೆ ಹಳೆಯದನ್ನು ತೆಗೆಯುವುದು. ಹೊಸದರ ಪೋಸ್ಟ್ (ಹಾಕಿದ ಮೇಲೆ ಓಡುವ ಸ್ಕ್ರಿಪ್ಟ್) ಸರ್ವೀಸನ್ನು ಎನೇಬಲ್ ಮಾಡಿರುತ್ತದೆ, ಅದರ ಹಿಂದೆಯೇ ಹಳೆಯದರ ಪ್ರಿಅನ್ ಬಂದು ಡಿಸೇಬಲ್ ಮಾಡಿ ಹೋಗುತ್ತದೆ. ನಿಜವಾಗಿ ತೆಗೆಯುವಾಗ ಪ್ರಿಅನ್‌ಗೆ $1 (ಸ್ಕ್ರಿಪ್ಟಿಗೆ ಸಿಗುವ ಮೊದಲ ಆರ್ಗ್ಯುಮೆಂಟ್) ಬೆಲೆ 0, ಅಪ್‌ಗ್ರೇಡ್‌ನಲ್ಲಿ 1. ಹಾಗಾಗಿ ಪ್ಯಾಕೇಜ್ ಮಾಡುವವರು ನೀವಾದರೆ, ಪ್ರಿಅನ್‌ನಲ್ಲಿ 0 ಇದ್ದಾಗ ಮಾತ್ರ ಡಿಸೇಬಲ್ ಮಾಡಿ. ಕೈಯಾರೆ ಬರೆಯುವ ಬದಲು ಸಿಸ್ಟಮ್‌ಡಿ_ಪ್ರಿಅನ್ ಮ್ಯಾಕ್ರೋ (ಈ ಸಾಲುಗಳನ್ನು ತಾನೇ ಬರೆದುಕೊಡುವ ಸಿದ್ಧ ಹೆಸರು) ಹಾಕಿದರೆ ಈ ತಲೆನೋವೇ ಇಲ್ಲ. ಡೆಬಿಯನ್ ಲಿನಕ್ಸ್‌ನಲ್ಲಿ ಇದೇ ಕೆಲಸದ ಪ್ರಿಆರ್‌ಎಂ ಸ್ಕ್ರಿಪ್ಟಿಗೆ ‘ರಿಮೂವ್’, ‘ಅಪ್‌ಗ್ರೇಡ್’ ಅನ್ನೋ ಪದಗಳೇ ಬರುತ್ತವೆ, ಅದನ್ನು ನೋಡಿ ನಿರ್ಧರಿಸಿ.

ಜಾಸ್ತಿ ಜನ ಎಡವುವುದು ಇದಾದ ಮೇಲೆ. ಸ್ಕ್ರಿಪ್ಟ್ ಸರಿ ಮಾಡಿ ಹೊಸ ಆವೃತ್ತಿ ಬಿಟ್ಟರೂ ಮೊದಲ ಅಪ್‌ಗ್ರೇಡ್‌ನಲ್ಲಿ ಸರ್ವೀಸ್ ಮತ್ತೆ ಡಿಸೇಬಲ್ ಆಗುತ್ತದೆ, ಯಾಕೆಂದರೆ ಓಡುವುದು ಬಳಕೆದಾರರ ಮೆಷಿನ್‌ನಲ್ಲಿ ಈಗಾಗಲೇ ಇರುವ ಹಳೇ ಪ್ರಿಅನ್. ಅದನ್ನು ನೀವು ಮುಟ್ಟೋಕಾಗಲ್ಲ. ಅದಕ್ಕೇ ಆರ್‌ಪಿಎಂನಲ್ಲಿ ಹೊಸ ಪ್ಯಾಕೇಜಿನ ಪೋಸ್ಟ್‌ಟ್ರಾನ್ಸ್ ಸ್ಕ್ರಿಪ್ಟ್ ಬಳಸಿ, ಅದು ಹಳೆಯದೆಲ್ಲ ಹೋದಮೇಲೆ ಕೊನೆಗೆ ಓಡುತ್ತದೆ.

ಅಲ್ಲಿ ಸುಮ್ನೆ ಎನೇಬಲ್ ಅಂತ ಬರೆದುಬಿಡಬೇಡಿ. ಬೇಕಂತಲೇ ಸರ್ವೀಸ್ ಆಫ್ ಮಾಡಿಟ್ಟವರೂ ಇರುತ್ತಾರೆ ಅಲ್ವಾ, ಅವರು ಬೈಯುತ್ತಾರೆ, ಬೈಯಲೂಬೇಕು. ಹೊಸದರ ಪ್ರಿ (ಹಾಕುವ ಮುಂಚಿನ ಸ್ಕ್ರಿಪ್ಟ್) ಭಾಗ ಹಳೇ ಪ್ರಿಅನ್‌ಗಿಂತ ಮುಂಚೆ ಓಡುತ್ತದೆ. ಅಲ್ಲೇ ಈಸ್-ಎನೇಬಲ್ಡ್ ಕೇಳಿ, ಹೌದು ಅಂದರೆ ರನ್ ಡೈರೆಕ್ಟರಿಯಲ್ಲಿ (/run) ಒಂದು ಖಾಲಿ ಫೈಲ್ ಇಡಿ. ಪೋಸ್ಟ್‌ಟ್ರಾನ್ಸ್‌ನಲ್ಲಿ ಆ ಫೈಲ್ ಕಂಡರೆ ಎನೇಬಲ್ ಮಾಡಿ, ಫೈಲ್ ಅಳಿಸಿ. ಹಳೇ ಸ್ಕ್ರಿಪ್ಟ್ ಸರ್ವೀಸನ್ನು ನಿಲ್ಲಿಸುತ್ತಲೂ ಇದ್ದರೆ, ಅದು ಓಡುತ್ತಿತ್ತಾ ಅನ್ನುವುದನ್ನೂ ಹೀಗೇ ಗುರುತಿಟ್ಟು ಮತ್ತೆ ಸ್ಟಾರ್ಟ್ ಮಾಡಿ.

ಬಿಡುಗಡೆಗೆ ಮುಂಚೆ ಹಳೇ ಆವೃತ್ತಿಯಿಂದ ಎರಡು ಸಲ ಅಪ್‌ಗ್ರೇಡ್ ಮಾಡಿ, ಒಮ್ಮೆ ಸರ್ವೀಸ್ ಎನೇಬಲ್ ಇಟ್ಟು, ಇನ್ನೊಮ್ಮೆ ಡಿಸೇಬಲ್ ಇಟ್ಟು. ಎರಡೂ ಸಲ ರೀಬೂಟ್ ಮಾಡಿಯೇ ನೋಡಿ.