ಸಿಐಎಸ್‌ಒ ಯಾರ ಕೈಕೆಳಗಿರಬೇಕು? ಹಾಸನದ ನನ್ನ ಅನುಭವ

ಬೆಂಗಳೂರಿನಲ್ಲಿ ಫೈರ್‌ವಾಲ್, ಲಾಗ್, ಆಡಿಟ್ ಅಂತ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದಾಗ ಹಾಸನದ ಒಂದು ಸಹಕಾರಿ ಬ್ಯಾಂಕು ಮಾಹಿತಿ ಭದ್ರತೆಯ ಮುಖ್ಯಸ್ಥೆಯ, ಅಂದರೆ ಸಿಐಎಸ್‌ಒ ಕೆಲಸಕ್ಕೆ ಕರೆಯಿತು. ಸಂಬಳದ ಮಾತು ಬರುವ ಮೊದಲೇ ಕೇಳಿದೆ: 'ನಾನು ಯಾರಿಗೆ ರಿಪೋರ್ಟ್ ಮಾಡಬೇಕು ಸಾರ್?'

'ಐಟಿ ಮ್ಯಾನೇಜರ್‌ಗೆ. ಇನ್ಯಾರಿಗೆ?' ಅಂದರು ಎಂಡಿ. ಹಾಗಾದರೆ ಬೇಡ ಸಾರ್ ಅಂದೆ.

ಸೊಕ್ಕು ಅನ್ನಿಸಿರಬಹುದು. ಆದರೆ ಐಟಿ ಮುಖ್ಯಸ್ಥರನ್ನು ಎಲ್ಲರೂ ಅಳೆಯುವುದು ಬೆಳಗ್ಗೆ ಹತ್ತಕ್ಕೆ ಸಕಲೇಶಪುರದ ಶಾಖೆಯಲ್ಲಿ ಕೌಂಟರ್ ನಡೆಯಿತೋ ಇಲ್ಲವೋ ಅನ್ನುವುದರಿಂದ. ಮಳೆಗಾಲದಲ್ಲಿ ಅಲ್ಲಿ ಕರೆಂಟೂ ನೆಚ್ಚುವ ಹಾಗಿಲ್ಲ, ಲೈನೂ ನೆಚ್ಚುವ ಹಾಗಿಲ್ಲ. ಸಾಫ್ಟ್‌ವೇರ್ ವೆಂಡರ್ ದೂರದಿಂದಲೇ ಸರ್ವರ್ ಒಳಗೆ ಬರಲು ಸದಾ ಒಂದು ಬಾಗಿಲು ತೆರೆದಿದ್ದರೆ ಐಟಿ ಮುಖ್ಯಸ್ಥರಿಗೆ ನೆಮ್ಮದಿ. ನನಗೆ ಅದೇ ಬಾಗಿಲು ಮುಚ್ಚಬೇಕು. ಬೇಕಾದಾಗ ಮಾತ್ರ ತೆಗೆದು, ಯಾರು ಬಂದರು, ಏನು ಮಾಡಿದರು ಎಂಬುದು ರೆಕಾರ್ಡ್ ಆಗಿ, ಕೆಲಸ ಮುಗಿದ ಕೂಡಲೇ ಮತ್ತೆ ಬೀಗ ಬೀಳಬೇಕು. ಇಬ್ಬರೂ ತಂತಮ್ಮ ಜಾಗದಲ್ಲಿ ಸರಿಯೇ. ಆದರೆ ನಾನು ಅವರ ಕೈಕೆಳಗಿದ್ದರೆ ನನ್ನ ಟಿಪ್ಪಣಿ ಅವರ ಮೇಜು ದಾಟಿ ಮೇಲೆ ಹೋಗುವುದಿಲ್ಲ.

ಆರ್‌ಬಿಐ 2023ರ ನವೆಂಬರ್‌ನಲ್ಲಿ ಹೊರಡಿಸಿದ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಐಟಿ ಆಡಳಿತ ನಿರ್ದೇಶನದಲ್ಲಿ ಇದು ಸ್ಪಷ್ಟವಾಗಿದೆ: ಸಿಐಎಸ್‌ಒ ನೇರವಾಗಿ ಐಟಿ ಮುಖ್ಯಸ್ಥರಿಗೆ ವರದಿ ಮಾಡುವಂತಿರಬಾರದು, ವ್ಯವಹಾರದ ಟಾರ್ಗೆಟ್ ಕೊಡಬಾರದು. ಅದು ವಾಣಿಜ್ಯ ಬ್ಯಾಂಕು, ದೊಡ್ಡ ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ (ಎನ್‌ಬಿಎಫ್‌ಸಿ) ಬರೆದದ್ದು. ನಗರ ಸಹಕಾರಿ ಬ್ಯಾಂಕುಗಳಿಗೆ 2019ರ ಡಿಸೆಂಬರ್‌ನ ನಾಲ್ಕು ಹಂತಗಳ ಸೈಬರ್ ಭದ್ರತಾ ಚೌಕಟ್ಟು ಬೇರೆ ಇದೆ. ಆದರೂ ಆ ಎರಡು ಸಾಲನ್ನು ಎಂಡಿ ಮುಂದಿಟ್ಟೆ. ವರದಿ ಎಂಡಿಗೆ, ಮೂರು ತಿಂಗಳಿಗೊಮ್ಮೆ ಖುದ್ದಾಗಿ ಬೋರ್ಡಿಗೆ ಅಂತ ನೇಮಕ ಪತ್ರದಲ್ಲೇ ಬರೆಸಿಕೊಂಡೆ. ಠೇವಣಿ ಟಾರ್ಗೆಟ್ ಇಲ್ಲ ಅಂತಲೂ ಬರೆಸಿದೆ. ಮಾರ್ಚ್ ಬಂದರೆ ಅಟೆಂಡರನ್ನೂ ಠೇವಣಿ ತರಲು ಓಡಿಸುವ ಲೋಕ ಇದು. ಬರೆಸದೆ ಬಿಟ್ಟರೆ ನನ್ನನ್ನೂ ಬಿಡುತ್ತಿರಲಿಲ್ಲ.

ಬೋರ್ಡಿನವರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. 'ನಮ್ದು ಆಲೂಗಡ್ಡೆ, ಶುಂಠಿ ದುಡ್ಡು ಕಣಮ್ಮ. ಇದನ್ನ ಕದಿಯೋಕೆ ಫಾರಿನ್ನಿಂದ ಯಾರ್ ಬರ್ತಾರೆ?' ಅಂದರು ಹಿರಿಯ ನಿರ್ದೇಶಕರೊಬ್ಬರು. ಪುಣೆಯ ಕಾಸ್ಮಾಸ್ ಬ್ಯಾಂಕಿನ ಕಥೆ ಹೇಳಿದೆ. ಅದೂ ಸಹಕಾರಿ ಬ್ಯಾಂಕೇ. 2018ರ ಆಗಸ್ಟ್ 11, ಶನಿವಾರ. ಎಟಿಎಂನಲ್ಲಿ ಹಣ ಕೊಡಬಹುದೋ ಇಲ್ಲವೋ ಎಂದು ಬ್ಯಾಂಕನ್ನು ಕೇಳಿ ಹೇಳುವ ಸರ್ವರಾದ ಸ್ವಿಚ್ಚಿಗೆ ಬದಲಾಗಿ ನಕಲಿ ಸ್ವಿಚ್ಚೇ ಉತ್ತರ ಕೊಡುವ ಹಾಗೆ ಮಾಡಿ, ಕ್ಲೋನ್ ಕಾರ್ಡುಗಳಿಂದ 28 ದೇಶಗಳಲ್ಲಿ ಹಣ ತೆಗೆದರು. 13ರಂದು ದೇಶವಿದೇಶದ ಬ್ಯಾಂಕುಗಳ ನಡುವಿನ ಹಣ ರವಾನೆ ಸಂದೇಶಗಳ ಜಾಲವಾದ ಸ್ವಿಫ್ಟ್ ಮೂಲಕ ಹಾಂಗ್‌ಕಾಂಗ್‌ಗೆ ಇನ್ನಷ್ಟು ಹೋಯಿತು. ಒಟ್ಟು ಸುಮಾರು 94 ಕೋಟಿ ರೂಪಾಯಿ. ಅದೇ ಹಿರಿಯರು ಕೇಳಿದರು: 'ನಮ್ ಸ್ವಿಚ್ ಎಲ್ಲೈತಮ್ಮ?'

ನಮ್ಮ ಸ್ವಿಚ್ ನಮ್ಮ ಹತ್ತಿರ ಇರಲಿಲ್ಲ, ಸೇವೆ ಕೊಡುವ ಕಂಪನಿಯ ಹತ್ತಿರ ಇತ್ತು. ಈ ಹುದ್ದೆಯ ಅರ್ಧ ಕೆಲಸ ಅಲ್ಲೇ ಇದೆ ಅಂತ ನಾನು ಹೇಳುವುದು ಅದಕ್ಕೇ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ಸೇವೆ ಕೊಡುವ ಒಂದು ಕಂಪನಿಗೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಡಿದು, ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಅದರ ಸಂಪರ್ಕ ಕಡಿದಾಗ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸಿಗದೆ ಹೋಯಿತು. ವೆಂಡರ್ ಒಪ್ಪಂದಗಳನ್ನು ಒಂದೊಂದಾಗಿ ತೆಗೆದು, ನಾವು ಆಡಿಟ್ ಮಾಡುವ ಹಕ್ಕು, ದಾಳಿಯಾದರೆ ಅವರು ಎಷ್ಟು ಗಂಟೆಯೊಳಗೆ ನಮಗೆ ಹೇಳಬೇಕು ಎಂಬುದನ್ನು ಸೇರಿಸುತ್ತಾ ಬಂದೆ. ವಕೀಲರ ಜತೆ ಕೂತು ಮಾಡುವ ಬೇಸರದ ಕೆಲಸ. ಹ್ಯಾಕಿಂಗ್ ಕಲಿತು ಬಂದ ಹುಡುಗರಿಗೆ ಇದು ರುಚಿಸುವುದಿಲ್ಲ.

ಇನ್ನೊಂದು, ಅಪಾಯಗಳನ್ನು ಬರೆದಿಡುವ ರಿಸ್ಕ್ ರಿಜಿಸ್ಟರ್. ನಾನು ಹೇಳಿದ್ದನ್ನೆಲ್ಲ ಬ್ಯಾಂಕು ಮಾಡಲೇಬೇಕೆಂದಿಲ್ಲ; ದುಡ್ಡಿಗೆ ಮಿತಿ ಇದೆ. ಮಾಡುವುದಿಲ್ಲವೆಂದರೆ ಯಾರು ಒಪ್ಪಿಕೊಂಡರು, ಯಾವ ತಾರೀಖಿನವರೆಗೆ ಎಂದು ಬರೆದು ಸಹಿ ಹಾಕಬೇಕು. ಹಳೇ ವಿಂಡೋಸ್ ಇದ್ದ ಶಾಖೆಗಳ ಕಂಪ್ಯೂಟರ್ ಬದಲಿಸಲು ಬಜೆಟ್ ಇಲ್ಲ ಎಂಬ ಮಾತು ಬಾಯಲ್ಲಿ ಸಲೀಸಾಗಿ ಬರುತ್ತಿತ್ತು. ಸಹಿಗೆ ಪೆನ್ನು ಕೊಟ್ಟ ಮೇಲೆ ಬಜೆಟ್ ಹುಟ್ಟಿತು. ಅಮೆರಿಕದಲ್ಲಿ ಊಬರ್‌ನ ಭದ್ರತಾ ಮುಖ್ಯಸ್ಥರಾಗಿದ್ದ ಜೋ ಸಲಿವನ್ 2016ರ ಡೇಟಾ ಸೋರಿಕೆಯನ್ನು ಮುಚ್ಚಿಟ್ಟ ಪ್ರಕರಣದಲ್ಲಿ 2022ರಲ್ಲಿ ಅಪರಾಧಿಯೆಂದು ಸಾಬೀತಾದರು. ಈ ಹುದ್ದೆಯ ಹೊಣೆ ಕಂಪನಿಯ ತಲೆಗೆ ಮಾತ್ರ ಅಂತ ತಿಳಿದವರು ಆ ಪ್ರಕರಣ ಓದಬೇಕು.

ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದ ಪ್ರಕಾರ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಲಾಗ್‌ಗಳನ್ನು (ಯಾರು ಯಾವಾಗ ಏನು ಮಾಡಿದರು ಎಂಬ ಕಂಪ್ಯೂಟರ್ ದಾಖಲೆ) 180 ದಿನ ಇಡಬೇಕು. ಆರು ಗಂಟೆ ಅಂದರೆ ಹಾಸನಾಂಬ ದರ್ಶನದ ವಾರದಲ್ಲಿ ಏನೂ ಅಲ್ಲ. ಮನೆತುಂಬ ನೆಂಟರು, ಊರು ತುಂಬ ಟ್ರಾಫಿಕ್, ಅರ್ಧ ಸ್ಟಾಫ್ ರಜೆ. ಕಳ್ಳರಿಗೂ ರಜೆಯೇ ಬೇಕು. ಕಾಸ್ಮಾಸ್‌ಗೆ ಬಂದದ್ದೂ ವಾರಾಂತ್ಯದಲ್ಲೇ. ಹಾಗಾಗಿ ಹಬ್ಬಕ್ಕೆ ಮುಂಚೆಯೇ ಒಂದು ಅಣಕು ಕಸರತ್ತು ಮಾಡಿಸುತ್ತೇನೆ. ರಾತ್ರಿ ಎರಡಕ್ಕೆ ಫೋನ್ ಬಂದರೆ ಯಾರು ಯಾರಿಗೆ ಹೇಳಬೇಕು, ಎಟಿಎಂ ಸೇವೆ ನಿಲ್ಲಿಸಿ ಅನ್ನುವ ಅಧಿಕಾರ ಯಾರದು? ಮೊದಲು ಇದಕ್ಕೆ ಎಂಡಿ ಒಪ್ಪಿಗೆ ಬೇಕಿತ್ತು. ಅವರ ಫೋನ್ ಸ್ವಿಚ್ ಆಫ್ ಇದ್ದರೆ? ಈಗ ಬೋರ್ಡ್ ಠರಾವು ಮಾಡಿ ಆ ಅಧಿಕಾರ ನನಗೆ ಕೊಟ್ಟಿದೆ. ಬೆಳಗ್ಗೆ ಕಾರಣ ಬರೆದುಕೊಡಬೇಕು, ಅಷ್ಟೆ.

ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಯಾವ ಸರ್ಟಿಫಿಕೇಟ್ ಮಾಡಲಿ ಮೇಡಂ ಅಂತ ಕೇಳುತ್ತಾರೆ. ಸಿಐಎಸ್‌ಎಸ್‌ಪಿ, ಸಿಐಎಸ್‌ಎಂ ಎರಡಕ್ಕೂ ಸಾಮಾನ್ಯವಾಗಿ ಐದು ವರ್ಷದ ಅನುಭವ ಬೇಕು, ಅವಸರ ಬೇಡ. ಅದಕ್ಕೆ ಮೊದಲು ನೆಟ್‌ವರ್ಕ್ ಆಗಲಿ, ಸರ್ವರ್ ಆಗಲಿ, ಒಂದನ್ನು ಆಳವಾಗಿ ಕಲಿಯಿರಿ. ಜತೆಗೆ ಒಂದು ಪುಟದ ಟಿಪ್ಪಣಿಯನ್ನು ಕ್ಯಾಷಿಯರ್‌ಗೂ ಅರ್ಥವಾಗುವ ಕನ್ನಡದಲ್ಲಿ ಬರೆಯಲು ಕಲಿಯಿರಿ. ನನ್ನ ಸಹಾಯಕಿಯನ್ನು ಆರಿಸುವಾಗ ಕೊಟ್ಟ ಪರೀಕ್ಷೆಯೂ ಅದೇ: ಒಟಿಪಿ ವಂಚನೆ ಬಗ್ಗೆ ಅರಕಲಗೂಡು ಶಾಖೆಗೆ ಒಂದು ಸುತ್ತೋಲೆ, ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿ ನಂಬರ್ ಸೇರಿಸಿ. ಚೆನ್ನಾಗಿ ಬರೆದಳು. ರಾತ್ರಿ ಎಟಿಎಂ ನಿಲ್ಲಿಸುವ ಠರಾವಿಗೆ ಈಗ ಅವಳ ಹೆಸರನ್ನೂ ಸೇರಿಸಬೇಕೆಂದು ಮುಂದಿನ ಬೋರ್ಡ್ ಸಭೆಗೆ ಟಿಪ್ಪಣಿ ಕಳಿಸಿದ್ದೇನೆ.